ಪ್ಯಾಕೆಟ್ ಹಿಂದಿನ ಲೇಬಲ್ ಓದಿದ್ರೆ ಸಾಕಾ? ದೊಡ್ಡ ಮಟ್ಟದ ಆಹಾರ ಉತ್ಪಾದನೆ ಬಗ್ಗೆ ಗೊತ್ತಿರೋರು ಹೇಳಿ

ಕೇಳಿದವರು: ತಟ್ಟೆಯಾಚೆ

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ತಲೆ ಕೊರೀತಿರೋ ಪ್ರಶ್ನೆ, ಇಲ್ಲಿ ಗೊತ್ತಿರೋರು ಇರ್ತೀರಾ ಅಂತ ಕೇಳ್ತಿದೀನಿ, ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಮನೇಲಿ ಕೈಕೂಸು ಇದೆ. ಏನು ತಗೊಂಡ್ರೂ ಪ್ಯಾಕೆಟ್ ತಿರುಗಿಸಿ ಹಿಂದಿರೋ ಸಣ್ಣಕ್ಷರ ಓದೋದು ಈಗ ಅಭ್ಯಾಸ ಆಗೋಗಿದೆ, ಎಮಲ್ಸಿಫೈಯರ್, ಸ್ಟೆಬಿಲೈಸರ್, ಆಮೇಲೆ ಒಂದಿಷ್ಟು ನಂಬರ್‌ಗಳು, ಓದಿ ಓದಿ ತಲೆ ಬಿಸಿ ಆಯ್ತೇ ಹೊರತು ಏನೂ ತಿಳೀಲಿಲ್ಲ. ಒಂದು ಕಡೆ "ಎಲ್ಲಾ ವಿಷ, ಏನೂ ಮುಟ್ಟಬೇಡಿ" ಅನ್ನೋರು, ಇನ್ನೊಂದು ಕಡೆ "ಈ ಥರ ದೊಡ್ಡ ಮಟ್ಟದಲ್ಲಿ ಮಾಡದೇ ಹೋದ್ರೆ ಅರ್ಧ ಪ್ರಪಂಚ ಉಪವಾಸ ಬೀಳತ್ತೆ" ಅನ್ನೋರು. ಇಬ್ರೂ ಅಷ್ಟೇ ಜೋರಾಗಿ ಹೇಳ್ತಾರೆ.

ನನಗೆ ಬೇಕಿರೋದು ಇಷ್ಟು. ಸಾವಿರಾರು ಕೋಳಿ, ಹಂದಿ ಒಂದೇ ಶೆಡ್‌ನಲ್ಲಿ, ಎಕರೆಗಟ್ಲೆ ಒಂದೇ ಬೆಳೆ, ಆಮೇಲೆ ಫ್ಯಾಕ್ಟರಿ, ಆಮೇಲೆ ಪ್ಯಾಕೆಟ್. ಈ ಉದ್ದ ಸಾಲಲ್ಲಿ ನಿಜವಾಗ್ಲೂ ಜನರ ಆರೋಗ್ಯಕ್ಕೆ ಪೆಟ್ಟು ಬೀಳೋದು ಯಾವ ಜಾಗದಲ್ಲಿ? ಪರಿಸರ ಹಾಳಾಗೋದು ಬೇರೆ, ನಮ್ಮ ಆರೋಗ್ಯ ಬೇರೆ ಅಂತ ಬಿಡಿಸಿ ನೋಡಕ್ಕೆ ಆಗತ್ತಾ? ಈ ಕೆಲಸಗಳ ಹತ್ರ ಇರೋರು ಹೇಳಿದ್ರೆ ಉಪಕಾರ ಆಗತ್ತೆ, ಫಾರ್ವರ್ಡ್ ಮೆಸೇಜ್ ಮಾತ್ರ ದಯವಿಟ್ಟು ಬೇಡ.

ಉತ್ತರ: ಅಗರ್‌ಪ್ಲೇಟ್

ನಾನು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲ್ಸ ಮಾಡೋಳು. ನೀವು ಓದ್ತಿರೋ ಸಣ್ಣಕ್ಷರದಲ್ಲಿ ನನಗೆ ಭಯ ಹುಟ್ಸೋ ವಿಷಯ ಒಂದೂ ಇರಲ್ಲ, ಅದಕ್ಕೇ ಬರೀತಿದೀನಿ.

ರೋಗಿಯ ಮೂತ್ರನೋ ರಕ್ತನೋ ಕಲ್ಚರ್‌ಗೆ ಬರತ್ತೆ. ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾನ ಅಗರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ ತುಂಬಿದ ತಟ್ಟೆ) ಮೇಲೆ ಪೂರ್ತಿ ಸವರಿ, ಒಂದೊಂದರಲ್ಲೂ ಒಂದೊಂದು ಆಂಟಿಬಯೋಟಿಕ್ ಇರೋ ಪುಟಾಣಿ ಕಾಗದದ ಡಿಸ್ಕ್‌ಗಳನ್ನ ಇಟ್ಟು ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿ ಬಿಡ್ತೀವಿ. ಬೆಳಿಗ್ಗೆ ತೆಗೆದು ನೋಡಿದ್ರೆ ಔಷಧಿ ಕೆಲ್ಸ ಮಾಡಿದ ಕಡೆ ಡಿಸ್ಕ್ ಸುತ್ತ ಏನೂ ಬೆಳೀದೆ ತಿಳಿಯಾದ ಉಂಗುರ ಇರತ್ತೆ, ಅದರ ಅಗಲನ ಮಿಲಿಮೀಟರ್‌ನಲ್ಲಿ ಅಳೆದು ಬರ್ಕೋತೀವಿ. ಉಂಗುರನೇ ಇಲ್ದೆ ಡಿಸ್ಕ್ ಅಂಚಿನ ತನಕ ಬೆಳ್ಳಗೆ ದಟ್ಟವಾಗಿ ಬೆಳೆದಿದ್ರೆ ಆ ಔಷಧಿ ಆ ರೋಗಿಗೆ ನಾಟಲ್ಲ ಅಂತ ಅರ್ಥ. ಒಂದೇ ಪ್ಲೇಟ್‌ನಲ್ಲಿ ಮುಕ್ಕಾಲು ಪಾಲು ಡಿಸ್ಕ್ ಹೀಗೆ ಬಂದಾಗ ವಾರ್ಡ್‌ಗೆ ಫೋನ್ ಮಾಡಿ ಹೇಳ್ಬೇಕು, "ಹಾಗಾದ್ರೆ ಯಾವ್ದು ಉಳೀತು ಅದನ್ನ ಹೇಳಿ" ಅಂತಾರೆ ಆ ಕಡೆಯಿಂದ ಡಾಕ್ಟ್ರು.

ಇದಕ್ಕೂ ಶೆಡ್‌ಗೂ ಸಂಬಂಧ ಹೇಗೆ ಅಂದ್ರೆ, ಕಾಯಿಲೆ ಇಲ್ದಿರೋ ಪ್ರಾಣಿಗಳಿಗೂ ಬೇಗ ತೂಕ ಬರ್ಲಿ ಅಂತ ಮೇವಿನಲ್ಲಿ ಸ್ವಲ್ಪ ಸ್ವಲ್ಪ ಆಂಟಿಬಯೋಟಿಕ್ ಬೆರೆಸೋ ಪದ್ಧತಿ ದಶಕಗಟ್ಲೆ ನಡೀತು, ಕೆಲವು ಕಡೆ ಈಗ್ಲೂ ಇದೆ. ಕಮ್ಮಿ ಡೋಸ್ ದಿನಾ ಹೋದ್ರೆ ಔಷಧಿಗೆ ಸಾಯೋ ಬ್ಯಾಕ್ಟೀರಿಯಾ ಸಾಯತ್ತೆ, ತಡ್ಕೊಳ್ಳೋದು ಉಳಿದು ಹೆಚ್ಚತ್ತೆ. ಆ ತಡ್ಕೊಳ್ಳೋ ಶಕ್ತಿಯ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಅನ್ನೋ ಚಿಕ್ಕ ಡಿಎನ್ಎ ಬಳೆ ಮೇಲಿರತ್ತೆ, ಅದು ಒಂದು ಜಾತಿ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟತ್ತೆ. ಹಸಿ ಮಾಂಸ, ಗೊಬ್ಬರ, ನೀರು, ಅಲ್ಲಿ ಕೆಲ್ಸ ಮಾಡೋರ ಕೈ, ಎಲ್ಲಾ ದಾರಿನೂ ಅದಕ್ಕೆ ತೆರೆದಿದೆ.

ಡೆನ್ಮಾರ್ಕ್‌ನ ವಿಷಯ ಓದಿ, ತುಂಬಾ ಕಲಿಸತ್ತೆ. ಯುರೋಪ್‌ನಲ್ಲಿ ಕೋಳಿ ಹಂದಿಗಳಿಗೆ ಅವೊಪಾರ್ಸಿನ್ ಅಂತ ಕೊಡ್ತಿದ್ರು, ಅದು ಆಸ್ಪತ್ರೆಯಲ್ಲಿ ಬಳಸೋ ವ್ಯಾಂಕೊಮೈಸಿನ್‌ನ ದಾಯಾದಿ, ಒಂದಕ್ಕೆ ಒಗ್ಗಿದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಬಗ್ಗಲ್ಲ. 1995ರಲ್ಲಿ ಡೆನ್ಮಾರ್ಕ್ ಅದನ್ನ ನಿಲ್ಲಿಸ್ತು, ಕೋಳಿಗಳಲ್ಲಿ ಆ ಥರದ ಬ್ಯಾಕ್ಟೀರಿಯಾ ಐದು ವರ್ಷದಲ್ಲಿ ಧಡಧಡ ಇಳೀತು. ಹಂದಿಗಳಲ್ಲಿ ಮಾತ್ರ ಇಳೀಲೇ ಇಲ್ಲ. ಕಾರಣ ಏನಪ್ಪಾ ಅಂದ್ರೆ ಹಂದಿಗಳಿಗೆ ಟೈಲೊಸಿನ್ ಅನ್ನೋ ಬೇರೆ ಔಷಧಿ ಇನ್ನೂ ಕೊಡ್ತಾನೇ ಇದ್ರು, ಎರಡು ಔಷಧಿಯನ್ನೂ ತಡೆಯೋ ಜೀನ್‌ಗಳು ಒಂದೇ ಪ್ಲಾಸ್ಮಿಡ್ ಮೇಲೆ ಕೂತಿದ್ವು, ಹಾಗಾಗಿ ಒಂದನ್ನ ಸಾಕಿದ್ರೆ ಇನ್ನೊಂದೂ ಬದುಕ್ತಿತ್ತು. ಟೈಲೊಸಿನ್ ಬಳಕೆ ಕಮ್ಮಿ ಆದ್ಮೇಲೆ ಹಂದಿಗಳಲ್ಲೂ ಇಳೀತು. ಇಡೀ ಯುರೋಪಿಯನ್ ಯೂನಿಯನ್ 2006ರ ಜನವರಿಯಿಂದ ತೂಕಕ್ಕೋಸ್ಕರ ಆಂಟಿಬಯೋಟಿಕ್ ಕೊಡೋದನ್ನ ಪೂರ್ತಿ ನಿಲ್ಲಿಸಿದೆ.

ಕೊಲಿಸ್ಟಿನ್ ಬಗ್ಗೆನೂ ಹೇಳ್ಬೇಕು. ಬೇರೆ ಯಾವ್ದೂ ಕೆಲ್ಸ ಮಾಡ್ದಿದ್ದಾಗ ಕಟ್ಟಕಡೆಗೆ ಕೊಡೋ ಔಷಧಿ ಅದು. 2015ರಲ್ಲಿ ಚೀನಾದಲ್ಲಿ ಅದನ್ನ ತಡೆಯೋ ಎಂಸಿಆರ್-1 ಜೀನ್ ಹಂದಿಗಳಲ್ಲಿ, ಅಂಗಡಿ ಮಾಂಸದಲ್ಲಿ, ರೋಗಿಗಳಲ್ಲಿ ಮೂರೂ ಕಡೆ ಸಿಕ್ತು, ಅದೂ ಪ್ಲಾಸ್ಮಿಡ್ ಮೇಲೆ. ಮೇವಿಗೆ ಅದನ್ನ ಬೆರೆಸೋದು 2017ರಿಂದ ಅಲ್ಲಿ ಬಂದ್ ಆಯ್ತು, ಆಮೇಲೆ ಹಂದಿಗಳಲ್ಲಿ ಆ ಜೀನ್ ಸಿಗೋದೂ ಇಳೀತು.

ಔಷಧಿಗೆ ಬಗ್ಗದ ಸೋಂಕಿನಿಂದಲೇ ನೇರವಾಗಿ 2019ರಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತಿದಾರೆ ಅಂತ ಅಂದಾಜು. ಇದೆಲ್ಲಾ ಶೆಡ್‌ಗಳಿಂದ ಬಂತು ಅಂತ ನಾನು ಹೇಳ್ತಿಲ್ಲ, ಮನುಷ್ಯರೇ ನೆಗಡಿಗೂ ಆಂಟಿಬಯೋಟಿಕ್ ನುಂಗೋದರ ಪಾಲು ದೊಡ್ಡದು. ಆದ್ರೆ ಶೆಡ್‌ನ ಪಾಲು ತಪ್ಪಿಸಬಹುದಾದ ಪಾಲು, ಅದಕ್ಕೇ ಸಿಟ್ಟು ಬರತ್ತೆ. ಮಾಂಸ ತಿನ್ನದೇ ಇರೋರಿಗೂ ಇದು ತಟ್ಟತ್ತೆ, ಯಾಕಂದ್ರೆ ಐಸಿಯುನಲ್ಲಿ ಸೋಂಕು ಹತ್ತಿದಾಗ ಬ್ಯಾಕ್ಟೀರಿಯಾ ನಿಮ್ಮ ಊಟದ ಪದ್ಧತಿ ಕೇಳಲ್ಲ.

ಉತ್ತರ: ದನಡಾಕ್ಟ್ರು

ಮೇಡಂ ಹೇಳಿದ್ದು ಸರಿ ಇದೆ, ಔಷಧಿ ಕೊಡೋ ಕಡೆಯವನು ನಾನು, ಆ ಕಡೆಯಿಂದ ಒಂದು ಮಾತು ಸೇರಿಸ್ತೀನಿ. ರೈತ ದುರಾಸೆಗೆ ಔಷಧಿ ಸುರೀತಾನೆ ಅಂತ ಜನ ಅಂದ್ಕೊಂಡಿದಾರೆ, ಅದು ಅಷ್ಟು ಸಲೀಸಾದ ಕಥೆ ಅಲ್ಲ.

ಒಂದು ದೊಡ್ಡ ಬ್ರಾಯ್ಲರ್ ಶೆಡ್‌ನಲ್ಲಿ 20-30 ಸಾವಿರ ಕೋಳಿ ಇರ್ತವೆ, ಎಲ್ಲಾ ಒಂದೇ ತಳಿ, ಒಂದೇ ದಿನ ಹುಟ್ಟಿದ ಮರಿಗಳು, ಐದಾರು ವಾರಕ್ಕೆ ಮಾರಾಟದ ತೂಕಕ್ಕೆ ಬರೋ ಹಾಗೆ ಬ್ರೀಡ್ ಮಾಡಿರೋವು. ಬೆಳಿಗ್ಗೆ ಶೆಡ್ ಒಳಗೆ ಹೋದ್ರೆ ಮೊದ್ಲು ಕಣ್ಣು ಉರಿಯತ್ತೆ, ಲಿಟರ್ (ನೆಲಕ್ಕೆ ಹಾಸೋ ಹೊಟ್ಟು) ಒದ್ದೆ ಆಗಿದ್ರೆ ಅಮೋನಿಯಾ ಅಷ್ಟು ಕಟುವಾಗಿರತ್ತೆ. ಮೂಲೇಲಿ ನಾಲ್ಕು ಹಕ್ಕಿ ರೆಕ್ಕೆ ಇಳಿಬಿಟ್ಟು ಮುದುರಿ ಕೂತಿವೆ ಅಂತ ಇಟ್ಕೊಳ್ಳಿ. ಆ ನಾಲ್ಕನ್ನ ಹಿಡಿದು ಚಿಕಿತ್ಸೆ ಕೊಟ್ಟು ಪ್ರಯೋಜನ ಇಲ್ಲ, ನಾಳೆ ನಾನೂರು ಆಗತ್ತೆ, ಅದಕ್ಕೆ ಔಷಧಿನ ಕುಡಿಯೋ ನೀರಿನ ಪೈಪ್‌ಗೇ ಹಾಕಿ ಎಲ್ಲಾ ಹಕ್ಕಿಗೂ ಕುಡಿಸ್ತೀವಿ. ಅಲ್ಲಿ ಬೇರೆ ದಾರಿ ಇಲ್ಲ. ಔಷಧಿ ತಪ್ಪಿಸಬೇಕು ಅಂದ್ರೆ ಹಕ್ಕಿಗಳ ದಟ್ಟಣೆ, ಗಾಳಿ, ಲಿಟರ್, ತಳಿ, ಲಸಿಕೆ, ಇವನ್ನ ಮೊದ್ಲೇ ಬದಲಾಯಿಸ್ಬೇಕಿತ್ತು.

ಹಂದಿಮರಿ ವಿಷಯ ಇನ್ನೂ ಸ್ಪಷ್ಟ. ತಾಯಿ ಜೊತೆ ಬಿಟ್ರೆ ಮರಿಗಳು ಮೂರು ತಿಂಗಳ ತನಕ ನಿಧಾನವಾಗಿ ಹಾಲು ಬಿಡ್ತವೆ. ಇಂಡಸ್ಟ್ರಿಯಲ್ಲಿ ಮೂರ್ನಾಲ್ಕು ವಾರಕ್ಕೇ ಬಿಡಿಸ್ತಾರೆ, ಹೊಟ್ಟೆ ಇನ್ನೂ ಒಣ ಮೇವಿಗೆ ತಯಾರಿಲ್ಲ, ಭೇದಿ ಹಿಡಿಯತ್ತೆ. ಆ ಭೇದಿ ತಡೆಯಕ್ಕೆ ಆಂಟಿಬಯೋಟಿಕ್, ಅದು ಬೇಡ ಅಂದಾಗ ಜಿಂಕ್ ಆಕ್ಸೈಡ್ ಜಾಸ್ತಿ ಡೋಸ್‌ನಲ್ಲಿ, ಅದು ಸಗಣಿ ಮೂಲಕ ಹೊಲಕ್ಕೆ ಹೋಗಿ ಮಣ್ಣಲ್ಲಿ ಸೇರ್ಕೊಳ್ತಾ ಬಂತು ಅಂತ ಯುರೋಪ್‌ನಲ್ಲಿ 2022ರಲ್ಲಿ ಅದನ್ನೂ ನಿಲ್ಲಿಸಿದ್ರು. ಬೇಗ ಬಿಡಿಸಿದ್ದೇ ಮೂಲ ತೊಂದರೆ, ಅದರ ಮೇಲೆ ಒಂದಾದ ಮೇಲೊಂದು ತೇಪೆ ಹಾಕ್ತಾ ಹೋಗಿದಾರೆ.

ಎಷ್ಟೋ ಕಡೆ ಕಾಂಟ್ರಾಕ್ಟ್ ಹೇಗಿರತ್ತೆ ಗೊತ್ತಾ, ಮರಿ ಕಂಪನಿದು, ಮೇವು ಕಂಪನಿದು, ಶೆಡ್ ಕಟ್ಟಿದ ಸಾಲ ರೈತಂದು, ಕೊನೆಗೆ ಉಳಿಯೋ ಗೊಬ್ಬರನೂ ರೈತಂದು. ಎಷ್ಟು ಹಕ್ಕಿ ಹಾಕ್ಬೇಕು ಅನ್ನೋದು ಅವನ ಕೈಲಿಲ್ಲ.

ಆದ್ರೂ ಆಗದ ಕೆಲ್ಸ ಅಲ್ಲ ಇದು. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರತಿ ಫಾರ್ಮ್ ಎಷ್ಟು ಆಂಟಿಬಯೋಟಿಕ್ ಬಳಸ್ತು ಅಂತ ಲೆಕ್ಕ ಇಟ್ಟು, ಬೇರೆ ಫಾರ್ಮ್‌ಗಳ ಜೊತೆ ಹೋಲಿಸಿ, ಜಾಸ್ತಿ ಬಳಸೋರನ್ನ ಕೇಳಕ್ಕೆ ಶುರು ಮಾಡಿದ್ರು, 2009ರಿಂದ ಹತ್ತು ವರ್ಷದಲ್ಲಿ ಪ್ರಾಣಿಗಳಿಗೆ ಮಾರಾಟ ಆಗೋ ಆಂಟಿಬಯೋಟಿಕ್ ಸುಮಾರು ಶೇ. 70ರಷ್ಟು ಇಳೀತು. ಅಲ್ಲಿ ಪ್ರಾಣಿ ಸಾಕಣೆ ಏನೂ ಮುಳುಗಿ ಹೋಗ್ಲಿಲ್ಲ.

ಉತ್ತರ: ನೀರ್‌ಲೆಕ್ಕ

ಆ ಗೊಬ್ಬರ ಎಲ್ಲಿ ಹೋಗತ್ತೆ ಅನ್ನೋದು ನನ್ನ ಕೆಲ್ಸ, ನೀರು ಸರಬರಾಜಿನಲ್ಲಿದೀನಿ. ಪರಿಸರ ಬೇರೆ ಆರೋಗ್ಯ ಬೇರೆನಾ ಅಂತ ಕೇಳಿದ್ರಲ್ಲ, ನೀರಿನ ಹತ್ರ ಬಂದ್ರೆ ಆ ಗೆರೆ ಎಲ್ಲೂ ಕಾಣಲ್ಲ.

ಪ್ರಪಂಚದಲ್ಲಿ ಹೊಲಗಳಿಗೆ ಹೋಗೋ ಸಾರಜನಕದಲ್ಲಿ ಹೆಚ್ಚು ಕಮ್ಮಿ ಅರ್ಧದಷ್ಟೇ ಬೆಳೆಗೆ ಸೇರೋದು. ಉಳಿದಿದ್ದು ಕೆಳಗಿಳಿದು ನೈಟ್ರೇಟ್ ಆಗಿ ಅಂತರ್ಜಲಕ್ಕೆ, ಮಳೆಯಲ್ಲಿ ಕೊಚ್ಚಿ ಹೊಳೆಗೆ, ಅಮೋನಿಯಾ ಆಗಿ ಗಾಳಿಗೆ. ಗಾಳಿಗೆ ಹೋಗಿದ್ದು ವಾಹನ ಕಾರ್ಖಾನೆ ಹೊಗೆಯ ಜೊತೆ ಸೇರಿ ಸಣ್ಣ ಕಣ ಆಗತ್ತೆ, ಅದೇ ನೀವು ಪಿಎಂ 2.5 ಅಂತ ಕೇಳಿರೋದು, ಹೊಲ ಶೆಡ್ ಎಲ್ಲೋ ಇದ್ರೂ ಊರಿನ ಜನರ ಶ್ವಾಸಕೋಶಕ್ಕೆ ಬಂದು ಮುಟ್ಟತ್ತೆ. ಇನ್ನೊಂದು ಪಾಲು ನೈಟ್ರಸ್ ಆಕ್ಸೈಡ್, ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಜೋರಾಗಿ ಭೂಮಿ ಬಿಸಿ ಮಾಡೋ ಅನಿಲ. ಒಟ್ಟಾರೆ ಹವಾಮಾನ ಕೆಡಿಸೋ ಅನಿಲಗಳಲ್ಲಿ ಮೂರನೇ ಒಂದು ಭಾಗ ಆಹಾರ ವ್ಯವಸ್ಥೆಯಿಂದಲೇ ಬರತ್ತೆ ಅನ್ನೋ ಅಂದಾಜಿದೆ.

ಟೊಲೀಡೊ ಅಂತ ಅಮೆರಿಕದ ಒಹಾಯೊದಲ್ಲಿ ಒಂದು ಊರು, ಎರೀ ಸರೋವರದ ನೀರು ಕುಡಿಯೋ ಊರು. ಸುತ್ತಲ ಹೊಲಗಳಿಂದ ಹರಿದು ಬಂದ ರಂಜಕಕ್ಕೆ ಸರೋವರದಲ್ಲಿ ನೀಲಿ-ಹಸಿರು ಪಾಚಿ ಬಣ್ಣ ಬಳಿದ ಹಾಗೆ ಹರಡ್ತು, ಅದು ಮೈಕ್ರೋಸಿಸ್ಟಿನ್ ಅನ್ನೋ ವಿಷ ಬಿಡತ್ತೆ, ಲಿವರ್‌ಗೆ ಹೊಡೆಯೋದು. 2014ರ ಆಗಸ್ಟ್‌ನಲ್ಲಿ ಸುಮಾರು ಐದು ಲಕ್ಷ ಜನಕ್ಕೆ ನಲ್ಲಿ ನೀರು ಕುಡೀಬೇಡಿ ಅಂದ್ರು. ಕುದಿಸಿ ಕುಡೀರಿ ಅಂತಾನೂ ಹೇಳೋ ಹಾಗಿರ್ಲಿಲ್ಲ, ಕುದಿಸಿದ್ರೆ ನೀರು ಆವಿಯಾಗಿ ವಿಷ ಇನ್ನೂ ಗಟ್ಟಿ ಆಗತ್ತೆ. ಮೂರ್ನೇ ದಿನಕ್ಕೆ ನೀರು ಸರಿ ಹೋಯ್ತು.

ನಿಮ್ಮನೇಲಿ ಕೂಸಿದೆ ಅಂದ್ರಿ, ಅದಕ್ಕೇ ಇದನ್ನ ಬಿಡಿಸಿ ಹೇಳ್ತೀನಿ. ನೈಟ್ರೇಟ್ ವಿಷಯದಲ್ಲೂ ಕುದಿಸೋದು ಕೆಲ್ಸಕ್ಕೆ ಬರಲ್ಲ, ಇನ್ನೂ ಸಾಂದ್ರ ಆಗತ್ತೆ. ಆರು ತಿಂಗಳೊಳಗಿನ ಮಗುಗೆ ನೈಟ್ರೇಟ್ ಜಾಸ್ತಿ ಇರೋ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಟ್ರೆ ರಕ್ತ ಆಮ್ಲಜನಕ ಹೊರೋ ಶಕ್ತಿ ಕಳ್ಕೊಂಡು ತುಟಿ ಉಗುರು ನೀಲಿಗಟ್ಟೋ ಅಪಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆ ಲೀಟರ್‌ಗೆ 50 ಮಿಲಿಗ್ರಾಂ ಅಂತ ಮಿತಿ ಇಟ್ಟಿರೋದು ಮುಖ್ಯವಾಗಿ ಈ ಕಾರಣಕ್ಕೇ.

ಉತ್ತರ: ಎರಡನೇಮಾತು

ನಾನು ಫುಡ್ ಟೆಕ್ನಾಲಜಿ ಓದಿ ಅದೇ ಕ್ಷೇತ್ರದಲ್ಲಿರೋನು. ಮೇಲಿನ ಮೂರೂ ಜನ ಹೇಳಿದ್ದನ್ನ ಒಪ್ತೀನಿ, ಆದ್ರೆ ಓದೋರು "ಫ್ಯಾಕ್ಟರಿ ಅಂದ್ರೆ ಕೆಟ್ಟದ್ದು" ಅಂತ ತಗೊಂಡು ಹೋಗ್ಬಾರ್ದು ಅಂತ ಬರೀತಿದೀನಿ.

ಪಾಶ್ಚರೀಕರಣ ಬರೋಕ್ ಮುಂಚೆ ಹಾಲಿನ ಮೂಲಕ ಮಕ್ಕಳಿಗೆ ಕ್ಷಯ ಹರಡ್ತಿತ್ತು. ಉಪ್ಪಿಗೆ ಅಯೋಡಿನ್ ಸೇರಿಸಿದ್ದರಿಂದ ಎಷ್ಟು ಮಕ್ಕಳ ಬುದ್ಧಿ ಬೆಳವಣಿಗೆ ಉಳೀತು ಯೋಚ್ನೆ ಮಾಡಿ. ಅಮೆರಿಕದಲ್ಲಿ 1998ರಿಂದ ಹಿಟ್ಟಿಗೆ ಫೋಲಿಕ್ ಆಮ್ಲ ಸೇರಿಸೋದು ಕಡ್ಡಾಯ ಆಯ್ತು, ಬೆನ್ನುಹುರಿ ದೋಷದಿಂದ ಹುಟ್ಟೋ ಮಕ್ಕಳ ಸಂಖ್ಯೆ ಮೂರನೇ ಒಂದು ಭಾಗದಷ್ಟು ಕಮ್ಮಿ ಆಯ್ತು. ಇಷ್ಟು ದೊಡ್ಡ ಮಟ್ಟದಲ್ಲಿ ಆಗಿದ್ದು ಅದು ದೊಡ್ಡ ಮಿಲ್ಲುಗಳ ಮೂಲಕ ಹೋಗಿದ್ದಕ್ಕೇ. ಸಾರಜನಕ ಗೊಬ್ಬರನೂ ಅಷ್ಟೇ, ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡೋ ಹೇಬರ್-ಬಾಶ್ ವಿಧಾನದ ಕಾರ್ಖಾನೆ ಜರ್ಮನಿಯಲ್ಲಿ 1913ರಲ್ಲಿ ಶುರು ಆಯ್ತು, ಇವತ್ತು ಪ್ರಪಂಚದ ಅರ್ಧದಷ್ಟು ಜನ ಊಟ ಮಾಡ್ತಿರೋದು ಅದರಿಂದ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರ ರಾತ್ರೋರಾತ್ರಿ ಬಂದ್ ಮಾಡಿ ಅದೇ ನವೆಂಬರ್‌ನಲ್ಲಿ ವಾಪಸ್ ತಗೋಬೇಕಾಯ್ತು, ಭತ್ತದ ಇಳುವರಿ ಬಿದ್ದು ರೈತರೇ ಮೊದ್ಲು ನರಳಿದ್ದು.

ಇನ್ನು ಪ್ಯಾಕೆಟ್ ವಿಷಯ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನ ಅಲ್ಲೇ ಇರಿಸ್ಕೊಂಡು, ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ರು. ಬಡಿಸಿದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸಮ ಇರೋ ಹಾಗೆ ನೋಡ್ಕೊಂಡು, ಎಷ್ಟು ಬೇಕೋ ಅಷ್ಟು ತಿನ್ನಿ ಅಂದ್ರು. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ 500 ಕ್ಯಾಲರಿ ಹೆಚ್ಚು ತಿಂದ್ರು, ತೂಕ 0.9 ಕೆಜಿ ಏರ್ತು, ಇನ್ನೊಂದರಲ್ಲಿ ಅಷ್ಟೇ ಇಳೀತು. ಅವರು ಬೇಗ ಬೇಗ ತಿನ್ನೋದೂ ಕಾಣಿಸ್ತು. 2019ರ ಈ ಪ್ರಯೋಗ ಚಿಕ್ಕದು, ಕಮ್ಮಿ ಅವಧಿದು, ಆದ್ರೆ ಬಿಗಿಯಾಗಿ ಮಾಡಿದ್ದು. ಮೆತ್ತಗೆ, ಅಗಿಯೋ ಕೆಲ್ಸ ಇಲ್ದೆ, ಒಂದೊಂದು ತುತ್ತಿಗೂ ಕ್ಯಾಲರಿ ತುಂಬಿರೋ ಹಾಗೆ ಮಾಡೋದು ನಮ್ಮ ಕ್ಷೇತ್ರದ ಕೌಶಲ, ಹೊಟ್ಟೆ ತುಂಬ್ತು ಅನ್ನೋದು ಗೊತ್ತಾಗೋಷ್ಟರಲ್ಲಿ ಪ್ಯಾಕೆಟ್ ಖಾಲಿ ಆಗಿರತ್ತೆ. ಆದ್ರೆ ನೀವು ಹುಡುಕ್ತಿರೋ ಒಂದೊಂದು ನಂಬರ್‌ನ ಹಿಂದೆ ಬಿದ್ರೆ ಇದು ಸಿಗಲ್ಲ.

ಟ್ರಾನ್ಸ್ ಕೊಬ್ಬು ನೋಡಿ, ಎಣ್ಣೆನ ಗಟ್ಟಿ ಮಾಡುವಾಗ ಹುಟ್ಟೋ, ಹೃದಯಕ್ಕೆ ಕೆಟ್ಟದ್ದು ಮಾಡೋ ಕೊಬ್ಬು. ಲೇಬಲ್ ಓದಿ ಜನ ಬಿಡ್ಲಿ ಅಂತ ಡೆನ್ಮಾರ್ಕ್ ಕಾಯ್ಲಿಲ್ಲ, 2003ರಲ್ಲಿ ಕೊಬ್ಬಿನಲ್ಲಿ ಶೇ. 2ರ ಮೇಲೆ ಇರೋ ಹಾಗಿಲ್ಲ ಅಂತ ಕಾನೂನು ಮಾಡ್ತು, ತಯಾರಕರು ಬೇರೆ ಎಣ್ಣೆಗೆ ಹೋದ್ರು, ತಿನ್ನೋರು ಏನೂ ಓದಬೇಕಾಗ್ಲಿಲ್ಲ.

ಉತ್ತರ: ನೀರ್‌ಲೆಕ್ಕ

@ಎರಡನೇಮಾತು ಸರ್, ಗೊಬ್ಬರ ಪೂರ್ತಿ ಬಿಡಿ ಅಂತ ನಾನೂ ಹೇಳಲ್ಲ, ಶ್ರೀಲಂಕಾ ಉದಾಹರಣೆ ಒಪ್ದೆ. ಆದ್ರೆ ಅರ್ಧ ಪ್ರಪಂಚ ಉಪವಾಸ ಅನ್ನೋ ಮಾತಿಗೆ ಒಂದು ಸೇರಿಸ್ಬೇಕು, ಬೆಳೆಯೋ ಧಾನ್ಯದಲ್ಲಿ ಮೂರನೇ ಒಂದು ಭಾಗ ಮನುಷ್ಯರಿಗೆ ಹೋಗೋದೇ ಇಲ್ಲ, ಪ್ರಾಣಿಗಳ ಮೇವಿಗೆ ಹೋಗತ್ತೆ, ಅದರಲ್ಲಿ ಮಾಂಸ ಹಾಲು ಮೊಟ್ಟೆಯಾಗಿ ವಾಪಸ್ ಬರೋ ಕ್ಯಾಲರಿ ತುಂಬಾ ಕಮ್ಮಿ. ಮುಂಚೆ ಪ್ರಾಣಿ ಇದ್ದ ಜಾಗದಲ್ಲೇ ಹೊಲ ಇತ್ತು, ಸಗಣಿ ಅಲ್ಲೇ ಗೊಬ್ಬರ ಆಗ್ತಿತ್ತು. ಈಗ ಮೇವು ಒಂದು ಖಂಡದಲ್ಲಿ ಬೆಳೆದು ಹಡಗಲ್ಲಿ ಇನ್ನೊಂದು ಖಂಡದ ಶೆಡ್‌ಗೆ ಬರತ್ತೆ, ಸಗಣಿ ವಾಪಸ್ ಹಡಗು ಹತ್ತಲ್ಲ. ಬೆಳೆದ ಕಡೆ ಮಣ್ಣು ಬರಿದಾಗಿ ಚೀಲದ ಗೊಬ್ಬರ ಬೇಕಾಗತ್ತೆ, ತಿಂದ ಕಡೆ ಸಗಣಿ ಹಾಕಕ್ಕೆ ಜಾಗ ಸಾಲಲ್ಲ.

ಉತ್ತರ: ತಟ್ಟೆಯಾಚೆ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಮಾಧಾನವಾಗಿ ಯಾರೂ ಹೇಳಿರ್ಲಿಲ್ಲ. ಒಂದು ಪ್ರಶ್ನೆ ಉಳೀತು. ಹಾಗಾದ್ರೆ ನಾನು ಲೇಬಲ್ ಓದೋದು ಬಿಡ್ಲಾ? ಮನೆ ಮಟ್ಟಕ್ಕೆ ನಿಜವಾಗ್ಲೂ ಉಪಯೋಗ ಇರೋದು ಏನು? ಮಿಕ್ಕಿದ್ದಕ್ಕೆ ಯಾರನ್ನ ಏನು ಕೇಳ್ಬೇಕು? ಬೋರ್‌ವೆಲ್ ನೀರು ಬಳಸೋದು, ಅದೂ ಹೇಳ್ಬಿಡಿ.

ಉತ್ತರ: ಅಗರ್‌ಪ್ಲೇಟ್

ಓದಿ, ಸಕ್ಕರೆ ಎಷ್ಟು ಉಪ್ಪು ಎಷ್ಟು ಅನ್ನೋ ಎರಡು ಸಾಲು ಓದಿ, ಅದಕ್ಕೆ ಬೆಲೆ ಇದೆ. ಅಡುಗೆಮನೇಲಿ ಹಸಿ ಮಾಂಸ ತರೋ ಹಾಗಿದ್ರೆ ಅದಕ್ಕೆ ಬೇರೆ ಕತ್ತರಿಸೋ ಮಣೆ, ಬೇರೆ ಚಾಕು ಇಡಿ, ನಲ್ಲಿ ಕೆಳಗೆ ಹಿಡಿದು ತೊಳೀಬೇಡಿ, ಹನಿ ಸಿಡಿದು ಸಿಂಕ್ ಸುತ್ತ ಎಲ್ಲಾ ಕಡೆ ಹರಡತ್ತೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಬಗ್ಗತ್ತೆ, ಚೆನ್ನಾಗಿ ಬೇಯಿಸಿದ್ರೆ ಅದೂ ಸಾಯತ್ತೆ. ಮಗುಗೆ ಜ್ವರ ಬಂದಾಗ ಡಾಕ್ಟ್ರು ಆಂಟಿಬಯೋಟಿಕ್ ಬೇಡ ಅಂದ್ರೆ ಒತ್ತಾಯ ಮಾಡ್ಬೇಡಿ.

ಉತ್ತರ: ದನಡಾಕ್ಟ್ರು

ಯಾರನ್ನ ಕೇಳ್ಬೇಕು ಅಂದ್ರೆ, ಪ್ರಾಣಿಗಳಿಗೆ ವರ್ಷಕ್ಕೆ ಎಷ್ಟು ಟನ್ ಆಂಟಿಬಯೋಟಿಕ್ ಮಾರಾಟ ಆಯ್ತು ಅನ್ನೋ ಲೆಕ್ಕ ಪ್ರಕಟ ಮಾಡಿ ಅಂತ ಸರ್ಕಾರನ ಕೇಳಿ. ಡೆನ್ಮಾರ್ಕ್ 1995ರಿಂದ ಪ್ರಾಣಿ, ಆಹಾರ, ಮನುಷ್ಯರು ಮೂರರದ್ದೂ ಲೆಕ್ಕ ಒಟ್ಟಿಗೆ ಇಡ್ತಿದೆ. ಲೆಕ್ಕ ಇಲ್ಲದ ಕಡೆ ನಮ್ಮಂಥ ಡಾಕ್ಟ್ರು ಎಷ್ಟು ಬೇಡ ಅಂದ್ರೂ ಪಕ್ಕದ ಅಂಗಡೀಲಿ ಚೀಟಿ ಇಲ್ದೆ ಸಿಗತ್ತೆ.

ಉತ್ತರ: ನೀರ್‌ಲೆಕ್ಕ

ಬೋರ್‌ವೆಲ್ ನೀರಾದ್ರೆ ನೈಟ್ರೇಟ್ ಟೆಸ್ಟ್ ಖಂಡಿತ ಮಾಡಿಸಿ, ಮಳೆಗಾಲ ಮುಗಿದ ಮೇಲೆ ಇನ್ನೊಂದ್ಸಲ ಮಾಡಿಸಿ. ರಿಪೋರ್ಟ್ ಬಂದಾಗ ಒಂದು ನೋಡ್ಕೊಳ್ಳಿ, ಕೆಲವು ಲ್ಯಾಬ್ ನೈಟ್ರೇಟ್ ಅಂತಾನೇ ಕೊಡ್ತಾರೆ, ಕೆಲವರು ನೈಟ್ರೇಟ್-ನೈಟ್ರೋಜನ್ ಲೆಕ್ಕದಲ್ಲಿ ಕೊಡ್ತಾರೆ. ಮೊದಲನೇದರಲ್ಲಿ 50 ಮಿತಿ, ಎರಡನೇದರಲ್ಲಿ ಅದೇ ಮಿತಿ ಸುಮಾರು 11. ಎರಡನೇ ಥರದ ರಿಪೋರ್ಟ್‌ನಲ್ಲಿ 20 ಅಂತ ನೋಡಿ 50ಕ್ಕಿಂತ ಕಮ್ಮಿ ಇದೆಯಲ್ಲ ಅಂತ ಸುಮ್ನಾಗೋರು ತುಂಬಾ ಜನ. ಜಾಸ್ತಿ ಬಂದ್ರೆ ಮಗು ಹಾಲಿನ ಪುಡಿಗೆ ಆ ನೀರು ಬೇಡ, ಮಾಮೂಲಿ ಕ್ಯಾಂಡಲ್ ಫಿಲ್ಟರ್‌ನಿಂದ ನೈಟ್ರೇಟ್ ಹೋಗಲ್ಲ, ಆರ್‌ಓ ಬೇಕಾಗತ್ತೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ನಂಬರ್ ಹಾಕಿ, ನೋಡಿ ಹೇಳ್ತೀನಿ.